ಕ್ಷಮಾವಾಣಿಯ ಮರುದಿನ

ಹಿತ್ತಿಲ ಬಾವಿಯಿಂದ ಸೇದಿದ ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಗಾಳಿಸುತ್ತಿದ್ದೆ. ನಮ್ಮ ಮನೆಯಲ್ಲಿ ಗಾಳಿಸದ ನೀರು ಕುಡಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳು ಒಣಗಿ ಸಾಯಬಾರದೆಂದು ಅದನ್ನು ತೊಳೆದ ನೀರನ್ನು ಮತ್ತೆ ಬಾವಿಗೇ ಬಿಡುತ್ತೇವೆ. ಮಹಾರಾಷ್ಟ್ರದ ಸಾಂಗ್ಲಿಗೆ ಹೊಂದಿದ ನಮ್ಮ ಸಾಂಗ್ಲಿವಾಡಿಯಲ್ಲಿ ನಳ ಬಂದು ಎಷ್ಟೋ ವರ್ಷವಾಯಿತು, ಆದರೂ ಈ ಬಾವಿಯನ್ನು ನಾನು ಬಿಟ್ಟಿಲ್ಲ. ಬಟ್ಟೆ ಹಿಂಡದೆ ಮೆಲ್ಲಗೆ ಕೊಡಕ್ಕೆ ನೀರು ಬಗ್ಗಿಸುವಾಗ ಕಟ್ಟೆಯ ಮೇಲಿಟ್ಟ ಮೊಬೈಲು ರಿಂಗಾಯಿತು.

"ವೈನಿ, ಮನ್ಯಾಗ ಅದೀರೇನ್ರಿ?"

ನನ್ನ ಯಜಮಾನರು ದುಡಿಯುವ ಶೆಡ್ಡಿನಲ್ಲೇ ಕೆಲಸ ಮಾಡುವ ಹೆಂಗಸು. ಜತ್ತದ ಕಡೆಯವಳು, ಗಂಡ ಸತ್ತ ಮೇಲೆ ಊರು ಬಿಟ್ಟು ಬಂದವಳು. ಇವರನ್ನು ಅಣ್ಣಾ ಅನ್ನುತ್ತಾಳೆ, ಆ ಲೆಕ್ಕದಲ್ಲಿ ನಾನು ವೈನಿ, ಅತ್ತಿಗೆ.

"ಮನ್ಯಾಗ ಅಲ್ಲದ ಇನ್ನೆಲ್ಲಿ ಇರ್ಲಿ? ಯಾಕ, ದನಿ ಯಾಕ ಹಂಗ ಸಣ್ಣಗ ಆಗೇತಿ?"

"ಸಂಡಾಸದಾಗ ನಿಂತು ಮಾತಾಡಾಕತ್ತೇನ್ರಿ. ಅಣ್ಣಾರನ್ನ ಗೇಟಿಗೆ ಕುಂಡ್ರಿಸ್ಯಾರ. ಒಂದು ಸ್ಟೂಲ್ ಹಾಕಿ. ಪಾಪ, ವಾಚಮನ್ ನಾಚಿ ಎದ್ದು ನಿಂತಾನ."

"ಏನು ಮಾಡಿದ್ರು ಇವರು?"

"ಏನು ಮಾಡ್ತಾರ್ರಿ, ನಿನ್ನೆ ಎಲ್ಲಾರಿಗೂ ಕ್ಷಮಾ ಕೇಳಿದ್ರಲ್ಲ, ಅದ ಕುತ್ತಾತು."

ಕೊಡದ ಬಾಯಿಂದ ಬಟ್ಟೆ ಜಾರಿತು. ಗಾಳಿಸದ ನೀರು ಗಾಳಿಸಿದ ನೀರಿನೊಳಗೆ ಬಿತ್ತು. ಇಡೀ ಕೊಡ ಮತ್ತೆ ಮೊದಲಿನಿಂದ ಗಾಳಿಸಬೇಕಾಯಿತು.

ಇವರು ಮಿರಜ ರಸ್ತೆಯ ಒಂದು ಬೇದಾಣದ ಶೆಡ್ಡಿನಲ್ಲಿ ಮುಕಾದಮರು. ಬೇದಾಣ ಅಂದರೆ ಒಣದ್ರಾಕ್ಷಿ. ಹೆಂಗಸರು ಸಾಲಾಗಿ ಮೇಜಿನ ಮುಂದೆ ಕುಳಿತು ದೇಟು ತೆಗೆದು, ಬಣ್ಣ ನೋಡಿ ಬೇರೆ ಮಾಡಿ, ಪೆಟ್ಟಿಗೆ ತುಂಬುತ್ತಾರೆ. ತುಂಬಿದ್ದು ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ. ಆ ಹೆಂಗಸರಿಗೂ ಮೇಲಿನ ಕ್ಯಾಬಿನ್ನಿಗೂ ನಡುವೆ ನಿಲ್ಲುವವರು ಮುಕಾದಮರು. ಮದುವೆಯಾಗಿ ನಾನು ಈ ಮನೆಗೆ ಬಂದಾಗಲೇ ಇವರು ಅಲ್ಲಿ ಕೆಲಸಕ್ಕಿದ್ದರು.

ಶೆಡ್ಡಿನ ಮಾಲಕರು ನಮ್ಮವರೇ, ಜೈನರು. ಸಿಟ್ಟಿನ ಮನುಷ್ಯ, ಬೈದರೆ ಮಿರಜದವರೆಗೂ ಕೇಳಬೇಕು. ಆದರೆ ಮಧ್ಯಾಹ್ನ ಊಟಕ್ಕೆ ಹೆಂಗಸರ ಪಂಕ್ತಿಯ ಕೊನೆಗೆ ಬಂದು ತಮ್ಮ ಡಬ್ಬಿ ಬಿಚ್ಚುತ್ತಿದ್ದರು. ಯಾರ ಪಲ್ಯ ಚೆನ್ನಾಗಿದೆ ಎಂದು ಕೈಚಾಚಿ ಕೇಳುತ್ತಿದ್ದರು. ನಾವು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅದು ಗೊತ್ತಿದ್ದುದರಿಂದ ಇವರನ್ನು ಬೆಳಕಿರುವಾಗಲೇ ಮನೆಗೆ ಕಳಿಸುತ್ತಿದ್ದರು. ಕೃಷ್ಣೆಗೆ ಮಹಾಪೂರ ಬಂದು ಸಾಂಗ್ಲಿವಾಡಿ ಸುತ್ತ ನೀರು ನಿಂತಾಗ ನಮ್ಮಂಥ ಎಷ್ಟೋ ಮನೆಯವರನ್ನು ಶೆಡ್ಡಿನ ಮಾಳಿಗೆ ಮೇಲೆ ಇಟ್ಟುಕೊಂಡು, ತಾವೇ ಸೌಟು ಹಿಡಿದು ಅನ್ನ ಬಡಿಸಿದ್ದರು. ನೀರು ಇಳಿದ ಮೇಲೆ ಶೆಡ್ಡಿನ ರಾಡಿ ಬಳಿಯಲು ಯಾರನ್ನೂ ಕರೆಯಬೇಕಾಗಲಿಲ್ಲ. ತಮ್ಮ ತಮ್ಮ ಮನೆಯ ರಾಡಿ ಇನ್ನೂ ಹಾಗೇ ಇರುವಾಗ ಹೆಂಗಸರು ಸೀರೆ ಎತ್ತಿಕಟ್ಟಿ ಅಲ್ಲಿ ನಿಂತಿದ್ದರು. ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ, ಪೊರಕೆ ಹಿಡಿದವರಲ್ಲಿ ನಾನೂ ಒಬ್ಬಳು.

ಎದೆನೋವು ಬಂದ ಮೇಲೆ ಮಾಲಕರು ಪುಣೆಯ ಮಗಳ ಮನೆ ಸೇರಿದರು. ಶೆಡ್ಡು ನೋಡಲು ಒಬ್ಬ ಮ್ಯಾನೇಜರನನ್ನು ಇಟ್ಟರು, ಎಲ್ಲರ ಬಾಯಲ್ಲಿ ಅವನು ಹೊಸ ಸಾಹೇಬ. ನನ್ನ ಕಿರಿ ತಮ್ಮನ ವಯಸ್ಸಿನವನು. ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ಬೇಕಾದವರು ಸಿಟ್ಟಿನಿಂದ ಅಂತಲೂ ತಿಳಿಯಬಹುದು. ಅವನು ಬಂದ ಮೇಲೆ ಪಂಕ್ತಿಯಲ್ಲಿ ಮಾತು ನಿಂತಿತು, ಹಾಡು ನಿಂತಿತು. ಇವರು ಮನೆಗೆ ಬರುವಷ್ಟರಲ್ಲಿ ದೀಪ ಹಚ್ಚಿರುತ್ತಿದ್ದೆ. ಮಾಡಿದ ರೊಟ್ಟಿ ಹಾಗೇ ಉಳಿಯುತ್ತಿತ್ತು. ಇವರು ನೀರು ಸಹ ಕುಡಿಯದೆ, ಜಪಮಾಲೆ ತಿರುಗಿಸಿ ಮಲಗುತ್ತಿದ್ದರು. ಒಂದು ದಿನವೂ ಅಲ್ಲಿ ಬಾಯಿಬಿಟ್ಟು ಕೇಳಲಿಲ್ಲ.

ಭಾದ್ರಪದದಲ್ಲಿ, ದಿನಕ್ಕೊಂದು ಧರ್ಮವೆಂದು ಕ್ಷಮೆ, ಸತ್ಯ ಮೊದಲಾದವನ್ನು ಪಾಲಿಸುವ ನಮ್ಮ ಪರ್ವದ ಹತ್ತು ದಿನಗಳ ನಡುವೆಯೇ ಶೆಡ್ಡಿನ ಮಾಲು ಕೆಟ್ಟಿತು. ದೀಪಾವಳಿಯ ಬೇಡಿಕೆಗೆ ಲಾರಿ ಬೇಗ ತುಂಬಬೇಕೆಂದು ಹೊಸ ಸಾಹೇಬ ಕೋಲ್ಡ್ ಸ್ಟೋರೇಜಿನ ಬಾಗಿಲಿಗೆ ಕಲ್ಲು ಕೊಟ್ಟು ಮಧ್ಯಾಹ್ನವಿಡೀ ತೆರೆದಿಡಿಸಿದ. ಹೊರಗೆ ಜಿಟಿಜಿಟಿ ಮಳೆ. ಇವರು ಬಾಗಿಲು ಹಾಕೋಣ ಎಂದರು. ಸ್ವಲ್ಪ ಹೊತ್ತಿಗೆ ಮತ್ತೆ ಎಂದರು. ನಿನ್ನ ಕೆಲಸ ನೋಡು ಎಂದ. ಮರುದಿನ ಪೆಟ್ಟಿಗೆಗಳು ಬೆವೆತಿದ್ದವು; ಒಳಗಿನ ಬೇದಾಣ ಅಂಟಂಟು. ಇದು ಗುಟ್ಟೇನೂ ಅಲ್ಲ. ಆ ಕಲ್ಲು ಎಲ್ಲರ ಕಣ್ಣೆದುರಿಗೇ ಇತ್ತು.

ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಾಣಿ. ದೊಡ್ಡವರು ಸಣ್ಣವರು ಎನ್ನದೆ ಎಲ್ಲರೂ ಎಲ್ಲರಿಗೂ ಕೈಮುಗಿದು ಕ್ಷಮೆ ಕೇಳುವ ದಿನ. ತಿಳಿದೋ ತಿಳಿಯದೆಯೋ ಮನಸ್ಸಿನಿಂದ, ಮಾತಿನಿಂದ, ಮೈಯಿಂದ ನಿಮಗೆ ನೋವಾಗಿದ್ದರೆ ಕ್ಷಮಿಸಿರಿ, ಉತ್ತಮ ಕ್ಷಮಾ ಅನ್ನುತ್ತೇವೆ. ಅತ್ತೆ ಸೊಸೆಗೆ ಕೇಳುತ್ತಾಳೆ, ಅಂಗಡಿಯವನು ಗಿರಾಕಿಗೆ ಕೇಳುತ್ತಾನೆ. ಮಾಲಕರು ಅಂದು ಕ್ಯಾಬಿನ್ನಿನಿಂದ ಇಳಿದು, ಕಸ ಹೊಡೆಯುವ ಅಜ್ಜಿಯಿಂದ ಶುರುಮಾಡಿ ಒಬ್ಬೊಬ್ಬರ ಮುಂದೆ ನಿಂತು ಕೈಮುಗಿಯುತ್ತಿದ್ದರು. ವರ್ಷವಿಡೀ ಬೈಸಿಕೊಂಡವರು ಅಂದು ನಕ್ಕು, "ಹೋಗ್ಲಿ ಬಿಡ್ರಿ ಮಾಲಕರ, ನಾಳಿಂದ ಮತ್ತ ಬೈಯಾವ್ರ ಅದೀರಿ" ಅನ್ನುತ್ತಿದ್ದರಂತೆ.

ಈ ವರ್ಷ ಮಾಲಕರು ಊರಲ್ಲಿಲ್ಲ. ಪದ್ಧತಿ ನಿಲ್ಲಬಾರದೆಂದು ಇವರೇ ಆ ಕೆಲಸ ಮಾಡಿದರು. ಅದೇ ಅಜ್ಜಿಯಿಂದ ಶುರುಮಾಡಿ ಎಲ್ಲ ಮೇಜು ಮುಗಿಸಿ, ಕೊನೆಗೆ ಕ್ಯಾಬಿನ್ನಿಗೂ ಹೋಗಿ ಹೊಸ ಸಾಹೇಬನ ಮುಂದೆ ಕೈಮುಗಿದು ನಿಂತರು. ಏನಾದರೂ ತಪ್ಪಾಗಿದ್ದರೆ ಕ್ಷಮಿಸಿರಿ ಎಂದರು.

ಕೆಟ್ಟ ಮಾಲಿಗೆ ಯಾರ ತಲೆ ಕೊಡಬೇಕೆಂದು ಅವನು ಹುಡುಕುತ್ತ ಕುಳಿತಿದ್ದ. ಅವನ ಮೇಲೂ ಕೇಳುವವರಿದ್ದರು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ತಲೆ ತಾನಾಗಿಯೇ ನಡೆದು ಬಂದು ಬಾಗಿತು. "ಮಗ ಮಿಟಲಾ ವಿಷಯ," ಅಂದನಂತೆ ಮರಾಠಿಯಲ್ಲಿ, ಹಾಗಾದರೆ ವಿಷಯ ಮುಗಿಯಿತು ಎಂದು. ಮಾಲು ಕೆಟ್ಟಿದ್ದು ಮುಕಾದಮನ ಬೇಜವಾಬ್ದಾರಿಯಿಂದ, ಅವನೇ ಒಪ್ಪಿಕೊಂಡಿದ್ದಾನೆ ಎಂದು ಅಂದೇ ಪುಣೆಗೆ ಹೇಳಿದ. ಮರುದಿನ ಸ್ಟೂಲು.

ಅಂದು ಇವರು ಬೇಗ ಮನೆಗೆ ಬಂದರು. ಗೇಟಿನಲ್ಲಿ ಕೂರುವವನಿಗೆ ಕಾಯುವ ಕೆಲಸವೇನಿದೆ? ಬಹಳ ದಿನಗಳ ಮೇಲೆ ಹೊತ್ತು ಮುಳುಗುವ ಮುಂಚೆ ಬಿಸಿ ರೊಟ್ಟಿ ಉಂಡರು. ಅವಮಾನ ಮಾಡಿದವನ ಕೈಯಿಂದಲೇ ಇಷ್ಟು ಉಪಕಾರ ಆಯಿತಲ್ಲ ಎಂದು ನಾನು ಜಿನೇಶ್ವರನಿಗೆ ಮನಸ್ಸಿನಲ್ಲೇ ಕೈಮುಗಿದೆ. ಸಿಕ್ಕ ಸಣ್ಣ ಪುಣ್ಯವನ್ನು ಬಿಡುವವಳಲ್ಲ ನಾನು.

ಕೈತೊಳೆದು ಬಂದು ಇವರು ಉಳಿದದ್ದನ್ನು ಹೇಳಿದರು. "ನಾಳೆ ಮುಂಜಾನೆ ಎಲ್ಲಾರ ಮುಂದ ನಿಂತು, ನನ್ನ ತಪ್ಪಿಂದ ಮಾಲು ಕೆಟ್ಟತು ಅಂತ ಹೇಳಬೇಕಂತ. ಹೇಳಿದ್ರ ಮತ್ತ ಒಳಗ ತಗೋತಾನಂತ. ಇಲ್ಲಾಂದ್ರ ಗೇಟೂ ಇಲ್ಲ, ಸೀದಾ ಮನಿ."

"ನೀವೇನಂದ್ರಿ?"

"ಏನೂ ಅಂದಿಲ್ಲ." ಹೆಗಲ ವಸ್ತ್ರಕ್ಕೆ ಕೈ ಒರೆಸುತ್ತ, "ಹೇಳಿಬಿಡ್ತೇನಿ. ಕೈಮುಗಿಯೂದು ನಮಗೇನು ಹೊಸಾದಲ್ಲ. ನಾಕ ಮಾತು, ಮುಗದ ಹೋಗ್ತತಿ."

"ಅಂದ್ರ ಸುಳ್ಳ ಹೇಳ್ತೀರಿ."

"ನನ್ನ ಸಲುವಾಗಿ ಅಲ್ಲ. ನಾ ಒಳಗಿದ್ರ ಆ ಹೆಣ್ಣಮಕ್ಕಳಿಗೆ ಒಂದು ಆಸರಾ ಇರ್ತತಿ. ಬೈಯೂದು ನನ್ನ ಮ್ಯಾಲ ಬಂದು ನಿಂದರತತಿ, ಅವರ ತನಕ ಹೋಗೂದಿಲ್ಲ. ನಾ ಇಲ್ಲಾಂದ್ರ ಅವರ ಗತಿ ಏನು, ಹೇಳು."

ಹೀಗೆ ಯೋಚಿಸುವ ಮನುಷ್ಯನಿಂದಲೇ ಅಲ್ಲವೇ ಆ ಶೆಡ್ಡು ನಡೆದದ್ದು? ಆದರೆ ಕರಗಿದರೆ ಕೆಲಸ ಕೆಡುತ್ತಿತ್ತು.

"ಸುಳ್ಳ ಹೇಳಿ ಒಳಗ ಹೋದ್ರ ಯಾವ ಮಾರಿ ಇಟಗೊಂಡು ಅವರ ಮುಂದ ನಿಲ್ಲತೀರಿ? ಆ ಕಲ್ಲು ಅವರೆಲ್ಲಾ ನೋಡ್ಯಾರ. ನಾಳೆ ಅವರೊಳಗ ಒಬ್ಬಾಕಿಗೆ ನಿಂದ ತಪ್ಪು ಒಪ್ಪು ಅಂದ್ರ, ನೀವು ಒಪ್ಪಬ್ಯಾಡವಾ ಅನ್ನಾಕ ಬಾಯಿ ಇರ್ತತೇನು ನಿಮಗ?"

"ಧರ್ಮದಾಗ ಕ್ಷಮಾನ ಮೊದಲು ಹೇಳ್ಯಾರ."

"ಸತ್ಯಾನೂ ಹೇಳ್ಯಾರ. ಅದಕ್ಕೂ ಒಂದು ದಿವಸ ಇಟ್ಟಾರ, ಅವತ್ತು ನೀವು ಒಂದ ಹೊತ್ತು ಉಂಡೀರಿ. ಆ ವ್ರತಾ ಸುಮ್ಮನ ಹೋತೇನು?"

ಇವರು ಎದ್ದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು. ಜಗಳದಲ್ಲಿ ನಾನು ಗೆದ್ದೆ ಅನ್ನಿಸಲಿಲ್ಲ.

ಅಷ್ಟರಲ್ಲಿ ಮಗಳು ಬಂದಳು. ಮಿರಜದ ಒಂದು ಆಸ್ಪತ್ರೆಯಲ್ಲಿ ನರ್ಸು. ಕನ್ನಡ ಎಲ್ಲ ತಿಳಿಯುತ್ತದೆ, ಆಡುವಾಗ ಅರ್ಧ ಮರಾಠಿ. ನಡೆದದ್ದು ಕೇಳಿ ಚಪ್ಪಲಿಯನ್ನೂ ಬಿಡದೆ ಅಲ್ಲೇ ನಿಂತಳು.

"ನಮ್ಮ ವಾರ್ಡಿನ ಸಿಸ್ಟರ್ ನಮಗ ಬೈಯಂಗಿಲ್ಲೇನು? ಭಯಂಕರ ಬೈತಾರ! ಆದ್ರ ಸ್ಟೋರ್ ರೂಮಿಗೆ ಕರದು, ಬಾಗಿಲಾ ಹಾಕಿ ಬೈತಾರ. ಹೊರಗ ಬಂದ್ರ, ಡಾಕ್ಟರ್ ಬರ್ಲಿ ಪೇಶಂಟಿನವರು ಬರ್ಲಿ, ನಮ್ಮ ಮುಂದ ಅವರ ನಿಂದರತಾರ. ಅದಕ್ಕ ಅವರು ಕೇಳಿದ್ರ ನಾವು ಡಬಲ್ ಡ್ಯೂಟಿನೂ ಮಾಡ್ತೀವಿ. ಬಾಬಾ, ಮಾಫೀ ವೇಗಳೀ, ಕಬೂಲೀ ವೇಗಳೀ."

ಕ್ಷಮೆ ಬೇರೆ, ತಪ್ಪೊಪ್ಪಿಗೆ ಬೇರೆ. ನಾನು ಅಷ್ಟು ಹೊತ್ತು ಕೂಗಿ ಹೇಳಿದ್ದನ್ನು ಮಗಳು ನಿಂತಲ್ಲೇ ಹೇಳಿ, ಬೆಳಕಿರುವಾಗಲೇ ಅಂತ ಒಳಗೆ ಹೋಗಿ ಚಹಾ ಇಟ್ಟಳು.

ಇವರಿಗೆ ಹೇಳದೆ ನಾನು ಪುಣೆಗೆ ಫೋನು ಹಚ್ಚಿದೆ. ಮಾಲಕರೇ ಎತ್ತಿದರು. ನಾನು ಬಾಯಿ ತೆರೆಯುವ ಮುಂಚೆಯೇ, "ತಂಗೀ, ಉತ್ತಮ ಕ್ಷಮಾ," ಎಂದರು. ದನಿ ಬಹಳ ಸೋತಿತ್ತು. ಎಲ್ಲವನ್ನೂ ಕೇಳಿಕೊಂಡರು.

"ಮ್ಯಾನೇಜರನ ಕೈಯಾಗ ಕೊಟ್ಟ ಮ್ಯಾಲ ನಾ ನಡುವ ಬಂದ್ರ ಹೆಂಗ ನಡೀತತಿ, ತಂಗೀ? ಡಾಕ್ಟರ್ ಸುದ್ದಾ ತಲಿಗೆ ಏನೂ ಹಚಗೋಬ್ಯಾಡ ಅಂದಾರ. ಸ್ವಲ್ಪ ಬಗ್ಗಿ ಹೋಗಂತ ಹೇಳು ನಿನ್ನ ಗಂಡಗ."

ಸೌಟು ಹಿಡಿದು ಅನ್ನ ಬಡಿಸಿದ ಅದೇ ಮನುಷ್ಯ. ನನ್ನ ಕಣ್ಣಲ್ಲಿ ನೀರು ಬರಲಿಲ್ಲ, ಬೆಂಕಿ ಬಂತು.

"ಮಾಲಕರ, ನೀವು ಕ್ಷಮಾ ಕೇಳಿದ್ರಿ, ಮಾಡೇನಿ. ಆದ್ರ ಬಗ್ಗು ಅಂತ ಹೇಳಬ್ಯಾಡ್ರಿ. ಅವರು ಬಗ್ಗಿದ್ದು ಧರ್ಮಕ್ಕ. ಇವ ಅವರ ಬೆನ್ನ ಮ್ಯಾಲ ಹತ್ತಿ ಕುಂತಾನ."

ಅವರು ಏನೋ ಹೇಳುತ್ತಿದ್ದರು. ನಾನು ಇಟ್ಟುಬಿಟ್ಟೆ. ದೊಡ್ಡವರ ಫೋನನ್ನು ಹೀಗೆ ನಡುವೆ ಇಟ್ಟದ್ದು ಅದೇ ಮೊದಲು. ಆಮೇಲೂ ಅದಕ್ಕೆ ಮನಸ್ಸು ಕೊರಗಲಿಲ್ಲ.

ಮರುದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಇವರು ಗಾಡಿ ಹೊರಗೆ ತಂದಾಗ ನಾನು ಸೆರಗು ಹೊದ್ದು ಹಿಂದೆ ಹತ್ತಿದೆ.

"ನೀ ಎಲ್ಲಿಗೆ?"

"ಬಸದಿಗೆ."

"ಬಸದಿ ಆ ಕಡೆ ಐತಿ."

"ಇವತ್ತು ಈ ಕಡೆ ಹೋಗಿ ಆ ಕಡೆ ಹೋಗ್ತೇನಿ. ಹೊಡೀರಿ ಗಾಡಿ."

ಕೃಷ್ಣೆಯ ಸೇತುವೆ ಮೇಲೆ ಕೆಲಸಕ್ಕೆ ಹೋಗುವವರ ದಟ್ಟಣೆ. ಇವರು ಏನು ಹೇಳಲಿದ್ದಾರೆಂದು ನನಗೆ ಇನ್ನೂ ಗೊತ್ತಿರಲಿಲ್ಲ. ಬೆನ್ನು ನೋಡಿ ತಿಳಿಯುವುದಾದರೆ ತಿಳಿಯಲಿ ಎಂದು ನೋಡುತ್ತಲೇ ಹೋದೆ, ತಿಳಿಯಲಿಲ್ಲ. ಬಾಯಿಯೊಳಗೆ ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದೆ.

ಶೆಡ್ಡಿನ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿದ್ದರು. ಒಂದು ಕಡೆ ತುಂಬಬೇಕಾದ ಲಾರಿ ನಿಂತಿತ್ತು. ನಾನು ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತೆ. ವಾಚಮನ್ ಅದೇ ಸ್ಟೂಲು ತಂದು, "ಕುಂದ್ರಿ ವೈನಿ," ಎಂದ. "ಆ ಸ್ಟೂಲ್ ಒಯ್ದು ಒಲಿಗೆ ಹಾಕಪಾ," ಎಂದೆ. ಪಾಪ, ಅವನದೇನು ತಪ್ಪು!

ಹೊಸ ಸಾಹೇಬ ಮೆಟ್ಟಿಲ ಮೇಲೆ ನಿಂತಿದ್ದ. ಅವನು ಆಡುವುದು ಮರಾಠಿ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಮುಕಾದಮನಿಗೆ ಏನೋ ಹೇಳುವುದಿದೆಯಂತೆ, ಎಲ್ಲರೂ ಕೇಳಿ ಎಂದ.

ಇವರು ಟೊಪ್ಪಿಗೆ ತೆಗೆದರು. ಕೈಮುಗಿದರು. ಹೇಳಿಬಿಡುತ್ತಾರೆ ಎಂದುಕೊಂಡೆ.

"ಮೊನ್ನೆ ನಾ ಎಲ್ಲಾರಿಗೂ ಕ್ಷಮಾ ಕೇಳೇನಿ. ಇವತ್ತೂ ಕೇಳ್ತೇನಿ. ಯಾರಿಗರೆ ನನ್ನಿಂದ ನೋವಾಗಿದ್ರ ಕ್ಷಮಾ ಮಾಡ್ರಿ. ಸಾಹೇಬರೂ ಮಾಡ್ರಿ." ಕೈ ಇಳಿಸಿ ಸಾಹೇಬನ ಕಡೆ ತಿರುಗಿದರು. "ಆದ್ರ ಬಾಗಲಕ್ಕ ಕಲ್ಲು ಕೊಟ್ಟಾಂವ ನಾ ಅಲ್ಲ. ಮಾಲು ನನ್ನಿಂದ ಕೆಟ್ಟಿಲ್ಲ. ಅಷ್ಟ ನಾ ಹೇಳೂದು."

ಸಾಹೇಬನ ಮುಖ ಕೆಂಪಾಯಿತು. ಮೊನ್ನೆ ನನ್ನ ಕ್ಯಾಬಿನ್ನಿನಲ್ಲಿ ಕೈಮುಗಿದು ತಪ್ಪು ಒಪ್ಪಿದವನು ಯಾರು, ನಿನ್ನ ತಮ್ಮನೇ, ಎಂದ. ತಪ್ಪಿಲ್ಲದವನು ಯಾರಾದರೂ ಕ್ಷಮೆ ಕೇಳುತ್ತಾನೆಯೇ ಎಂದ.

ಜತ್ತದವಳು ಸಾಲು ಬಿಟ್ಟು ಮುಂದೆ ಬಂದಳು. ಅವಳು ನಮ್ಮ ಮತದವಳಲ್ಲ. ಸೀದಾ ಮೆಟ್ಟಿಲವರೆಗೆ ಹೋಗಿ, ಸೆರಗು ಸರಿಮಾಡಿಕೊಂಡು ಕೈಮುಗಿದಳು.

"ಉತ್ತಮ ಕ್ಷಮಾ, ಸಾಹೇಬ. ನಂಗೂ ಕ್ಷಮಾ ಮಾಡ್ರಿ. ಈಗ ನಾನೂ ತಪ್ಪ ಒಪ್ಪಿದಂಗಾತಲ್ಲ? ಆ ಮಾಲು ನಾನೂ ಕೆಡಿಸೇನಿ."

ಅವಳ ಹಿಂದೆ ಇನ್ನೊಬ್ಬಳು ಬಂದಳು. ಕಸ ಹೊಡೆಯುವ ಅಜ್ಜಿ ಪೊರಕೆ ಕಂಕುಳಲ್ಲಿ ಹಿಡಿದೇ ಬಂದು, "ಮಲಾಪಣ ಮಾಫ್ ಕರಾ," ನನ್ನನ್ನೂ ಕ್ಷಮಿಸಿ ಎಂದಳು. ಕನ್ನಡದವರು, ಮರಾಠಿಯವರು, ಮಿರಜದಿಂದ ಬರುವ ಮುಸಲ್ಮಾನರ ಹುಡುಗಿಯರು, ಒಬ್ಬೊಬ್ಬರಾಗಿ ಮೆಟ್ಟಿಲ ಮುಂದೆ ನಿಂತು ಕೈಮುಗಿದರು. ಯಾರೂ ಕೂಗಲಿಲ್ಲ. ಒಬ್ಬಳು ಮಾತ್ರ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು.

"ಸಾಹೇಬ, ಎಲ್ಲಾರೂ ಒಪ್ಪಿದ್ವಿ," ಎಂದಳು ಜತ್ತದವಳು. "ಈಗ ಅಷ್ಟೂ ಮಂದಿಗೆ ಸ್ಟೂಲ್ ತರಸ್ರಿ. ಗೇಟಿನ್ಯಾಗ ಕುಂದರತೀವಿ."

ಲಾರಿಯ ಡ್ರೈವರನೂ ಬೀಡಿ ಕೆಳಗೆ ಹಾಕಿ ಕೈಮುಗಿದುಬಿಟ್ಟ. ಅವನಿಗೆ ಏನು ತಿಳಿಯಿತೋ ದೇವರೇ ಬಲ್ಲ.

ಕಥೆಯಾದರೆ ಸಾಹೇಬ ಅಲ್ಲಿ ತಲೆತಗ್ಗಿಸುತ್ತಿದ್ದ. ತಗ್ಗಿಸಲಿಲ್ಲ. ನಾಟಕ ಸಾಕು, ಒಳಗೆ ಹೋಗದವರು ನಾಳೆಯಿಂದ ಬರುವುದು ಬೇಡ ಎಂದ. ಇವರ ಕಡೆ ಬೆರಳು ತೋರಿಸಿ, ನೀನು ಈಗಲೇ ಹೊರಡು ಎಂದ. ಹೆಂಗಸರು ಅಲುಗಲಿಲ್ಲ. ಇವರೇ ತಿರುಗಿ ಅವರಿಗೆ ಹೇಳಬೇಕಾಯಿತು.

"ಒಳಗ ಹೋಗ್ರವಾ. ನಿಮ್ಮ ನಿಮ್ಮ ಮನಿ ನಡೀಬೇಕು. ಹೋಗ್ರಿ."

"ನೀವು ಅಣ್ಣಾ?"

"ನಾ ಸುಳ್ಳ ಹೇಳಿಲ್ಲಲಾ. ಆರಾಮ ಅದೇನಿ. ಹೋಗ್ರಿ."

ಇವರು ಹೇಳಿದ್ದಕ್ಕೆ ಅವರು ಒಳಗೆ ಹೋದರು. ಸಾಹೇಬ ಹೇಳಿದ್ದಕ್ಕಲ್ಲ. ಮೆಟ್ಟಿಲ ಮೇಲೆ ನಿಂತವನಿಗೆ ಅದು ಕಂಡಿರಲೇಬೇಕು.

ಗೇಟಿನ ಹೊರಗೆ ಬಂದು ಇವರು ಟೊಪ್ಪಿಗೆ ಹಾಕಿಕೊಂಡರು. "ಬಸದಿಗೆ ಹೋಗೂದಿತ್ತಲ್ಲ?" ಎಂದರು. ಹೋದೆವು. ದರ್ಶನವಾಯಿತು. ಏನೂ ಬೇಡಿಕೊಳ್ಳಲಿಲ್ಲ. ಇಬ್ಬರ ಮೈಯೂ ಗಟ್ಟಿಯಿದೆ, ತಲೆಯ ಮೇಲೆ ಸೂರಿದೆ, ಮಗಳು ತನ್ನ ಕಾಲ ಮೇಲೆ ನಿಂತಿದ್ದಾಳೆ, ನನ್ನ ಗಂಡನ ನಾಲಿಗೆ ಇಂದು ಮೈಲಿಗೆಯಾಗಲಿಲ್ಲ ಎಂದು ಅಷ್ಟನ್ನೇ ಎಣಿಸಿ ಒಪ್ಪಿಸಿ ಬಂದೆ. ಕೆಲಸ ಹೋಯಿತಲ್ಲ ಎಂದು ಅಕ್ಕಪಕ್ಕದವರು ಆಮೇಲೆ ಲೊಚಗುಟ್ಟಿದರು. ಲೊಚಗುಟ್ಟಲಿ. ದುಡಿಯುವವರ ಕೈಗಳನ್ನು ಯಾರು ಬೇಕಾದರೂ ಗೇಟಿನೊಳಗೆ ಕರೆಸಿಕೊಳ್ಳಬಹುದು. ಮನಸ್ಸನ್ನು ಹಾಗೆ ಕರೆಸಲು ಬರುವುದಿಲ್ಲ, ಅದನ್ನು ಆ ಹುಡುಗನಿಗೆ ಯಾರೋ ಕಲಿಸಬೇಕಿತ್ತು.

ಮನೆಗೆ ಬಂದಾಗ ಬಿಸಿಲು ಚೆನ್ನಾಗಿ ಬಿದ್ದಿತ್ತು. ಅಷ್ಟು ಹೊತ್ತಿನಲ್ಲಿ ಇವರು ಮನೆಯಲ್ಲಿ ಇದ್ದು ಅಭ್ಯಾಸವಿಲ್ಲ. ಒಳಗೆ ಬಂದರು, ಹೊರಗೆ ಹೋದರು, ಗೋಡೆಯ ಗಡಿಯಾರ ನೋಡಿದರು. ನಾನು ಹೊದಿಕೆಗಳನ್ನೆಲ್ಲ ಹಿತ್ತಿಲಿಗೆ ತಂದು ನೆನೆಹಾಕಿದೆ. ಮಳೆಗಾಲದ ಮುಗ್ಗು ವಾಸನೆ ಹಿಡಿದು ಕೂತಿದ್ದವು. ದೊಡ್ಡ ಕೌದಿ ನೀರು ಕುಡಿದ ಮೇಲೆ ಒಬ್ಬರಿಂದ ಏಳುವುದಿಲ್ಲ.

"ಬರ್ರಿ ಇಲ್ಲೆ, ಆ ತುದಿ ಹಿಡೀರಿ," ಎಂದೆ.

ಅಂಗಿಯ ತೋಳು ಮಡಚಿಕೊಂಡು ಬಂದು ಹಿಡಿದರು. ನಾನು ಈ ಕಡೆ ತಿರುವಿದರೆ ಅವರು ಆ ಕಡೆ. ಕೊಳೆನೀರು ಧಾರೆಯಾಗಿ ಸುರಿಯಿತು. ಆಗ ಒಳಗೆ ಇವರ ಫೋನು ರಿಂಗಾಗತೊಡಗಿತು. ಅಂದು ರಜೆಯಿದ್ದ ಮಗಳು ಹೊರಗೆ ಬಂದು, ಶೆಡ್ಡಿನ ಆಫೀಸಿನಿಂದ ಎಂದಳು. ಇವರಿಲ್ಲದೆ ಲಾರಿ ಇನ್ನೂ ತುಂಬಿರಲಿಕ್ಕಿಲ್ಲ.

ಇವರು ನನ್ನ ಮುಖ ನೋಡಿದರು. ನಾನು ಕೌದಿಯ ತುದಿ ಬಿಡಲಿಲ್ಲ.

"ಕೈ ಹಸಿ ಅದಾವು ಅಂತ ಹೇಳು," ಎಂದರು ಮಗಳಿಗೆ. "ಆಮ್ಯಾಲ ನೋಡೂಣು."

ಮತ್ತೊಂದು ಸಲ ತಿರುವಿ ಹಿಂಡಿ, ಇಬ್ಬರೂ ಎತ್ತಿ ತಂತಿಯ ಮೇಲೆ ಹಾಕಿದೆವು. ಭಾರಕ್ಕೆ ತಂತಿ ಜೋಲಿತು. ಇವರು ಕೋಲು ಹುಡುಕಿ ತಂದು ನಡುವೆ ಆನಿಸಿದರು. ನಾನು ಎರಡನೆಯ ಕೌದಿಯನ್ನು ಸಾಬೂನು ನೀರಿಗೆ ಅದ್ದಿದೆ.